ಪುಸ್ತಕದೊಳಗಿನ ಮಳೆ

ಬೆಳಗಾವಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಅತಿಥಿ ಉಪನ್ಯಾಸಕ ಹುದ್ದೆಗೆ ಸಂದರ್ಶನವಿತ್ತು. ಡೆಮೊ ಕ್ಲಾಸಿಗೆ ಹೆಮಿಂಗ್ವೇಯ ‘ಎ ಫೇರ್‌ವೆಲ್ ಟು ಆರ್ಮ್ಸ್’ ಆರಿಸಿಕೊಂಡಿದ್ದೆ. ಬೋರ್ಡಿನ ಮೇಲೆ ಮೊದಲು ಬರೆದದ್ದೇ ‘ಮಳೆ = ಸಾವು, ಬೆಟ್ಟ = ನೆಮ್ಮದಿ, ಬಯಲು = ಯುದ್ಧ’. ಎಂ.ಎ. ಓದುವಾಗ ಗೈಡಿನಿಂದ ಬಾಯಿಪಾಠ ಮಾಡಿದ್ದ ಸಾಲುಗಳವು. ಅವುಗಳಿಂದ ಒಳ್ಳೆಯ ಅಂಕವೂ ಬಂದಿತ್ತು. ಕಾದಂಬರಿಯನ್ನು ಮಾತ್ರ ಪೂರ್ತಿ ಓದಿರಲಿಲ್ಲ.

ಪಾಠ ಮುಗಿದ ಮೇಲೆ ಸಮಿತಿಯಲ್ಲಿದ್ದ ಹಿರಿಯರೊಬ್ಬರು ಕೇಳಿದರು: “ಇಡೀ ಕಾದಂಬರ್ಯಾಗ ಮಳಿ ಬಂದಾಗ ಒಬ್ಬರೂ ಖುಷಿಪಟ್ಟಿಲ್ಲೇನ್ರೀ?”

ಇಲ್ಲ ಎಂದೆ. ಅವರು ಪುಸ್ತಕ ತೆಗೆದು ಒಂದು ಪುಟ ತೋರಿಸಿದರು. ರಾತ್ರಿಯಿಡೀ ಸರೋವರದಲ್ಲಿ ದೋಣಿ ನಡೆಸಿ, ಇಟಲಿಯಿಂದ ತಪ್ಪಿಸಿಕೊಂಡು, ಕಥೆ ಹೇಳುವ ಹೆನ್ರಿ ಮತ್ತು ಅವನ ಪ್ರೇಯಸಿ ಕ್ಯಾಥರೀನ್ ಸ್ವಿಟ್ಜರ್ಲೆಂಡಿನ ದಡ ಮುಟ್ಟುತ್ತಾರೆ. ಬೆಳಗಿನ ಜಿನುಗು ಮಳೆ. ಕ್ಯಾಥರೀನ್ ಅದನ್ನು ಕೊಂಡಾಡುತ್ತಾಳೆ. ಹಿಂದೆ ಮಿಲಾನಿನ ಆಸ್ಪತ್ರೆಯಲ್ಲಿ, ಮಳೆಯಲ್ಲಿ ತಾನು ಸತ್ತುಬಿದ್ದದ್ದು ಕಾಣುತ್ತದೆ ಎಂದು ಅತ್ತವಳೂ ಇವಳೇ.

ಕೆಲಸ ಸಿಗಲಿಲ್ಲ. ಅದಕ್ಕಿಂತ ಹೆಚ್ಚು ಕೊರೆದದ್ದು, ನಾನು ಖಾನಾಪುರದವನು ಎಂಬುದು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಉಕ್ಕಿ ಹಬ್ಬನಹಟ್ಟಿಯ ಮಾರುತಿ ಗುಡಿ ಮುಳುಗುವ ಮಳೆಯಲ್ಲೇ ನಮ್ಮ ಭತ್ತದ ನಾಟಿ ನಡೆಯುವುದು. ಗೋಡೆ ಕೆಡವುವ ಮಳೆಯೇ ಗದ್ದೆ ತುಂಬಿಸುತ್ತದೆ. ಇದನ್ನು ಕಂಡು ಬೆಳೆದವನು ಪುಸ್ತಕದೊಳಗಿನ ಮಳೆಗೆ ಒಂದೇ ಅರ್ಥ ಎಂದು ಒಪ್ಪಿಬಿಟ್ಟಿದ್ದೆ.

ಆಮೇಲೆ ಪೆನ್ಸಿಲ್ ಹಿಡಿದು ಓದಿದೆ. ಮಳೆ ಬಂದಲ್ಲೆಲ್ಲ ಗೆರೆ ಎಳೆದು, ಅದನ್ನು ಯಾರು ನೋಡುತ್ತಿದ್ದಾರೆ, ಅದಕ್ಕೆ ಮುಂಚೆ ಏನಾಯಿತು ಎಂದು ಪಕ್ಕದಲ್ಲಿ ಬರೆದುಕೊಂಡೆ. ಮೊದಲ ಅಧ್ಯಾಯದಲ್ಲೇ ಮಳೆಯ ಜೊತೆ ಕಾಲರಾ ಬಂದು ಸೈನ್ಯದಲ್ಲಿ 7,000 ಜನ ಸಾಯುತ್ತಾರೆ. ಹೆನ್ರಿ ಅದನ್ನು ಅಷ್ಟೇನೂ ದೊಡ್ಡದಲ್ಲ ಎಂಬಂತೆ ಹೇಳಿ ಮುಗಿಸುತ್ತಾನೆ. 1917ರ ಕಪೊರೆಟ್ಟೊ ಯುದ್ಧದ ಸೋಲಿನ ನಂತರ ಇಟಲಿಯ ಸೈನ್ಯ ಹಿಂದೆ ಸರಿಯುವಾಗ ಗಾಡಿಗಳು ಮಳೆಯ ಕೆಸರಿನಲ್ಲಿ ಹೂತುಹೋಗುತ್ತವೆ. ಸ್ವಿಟ್ಜರ್ಲೆಂಡಿನ ಬೆಟ್ಟದ ಮೇಲಿನ ಹಿಮದ ದಿನಗಳು ಮಾರ್ಚಿನ ಮಳೆಗೆ ಮುಗಿದು ಇಬ್ಬರೂ ಲೊಸಾನ್ ನಗರಕ್ಕೆ ಇಳಿಯುತ್ತಾರೆ. ಹೆರಿಗೆಯಲ್ಲಿ ಕ್ಯಾಥರೀನ್ ತೀರಿಕೊಳ್ಳುವುದು ಅಲ್ಲೇ. ಗೈಡಿನಲ್ಲಿದ್ದದ್ದು ಪೂರಾ ಸುಳ್ಳಲ್ಲ. ಆದರೆ ನಡುವೆ ಆ ಖುಷಿಯ ಮಳೆ ಬಂದುಹೋಗಿರದಿದ್ದರೆ ಕೊನೆಯ ಪುಟದ ಮಳೆ ಅಷ್ಟು ಕ್ರೂರ ಅನ್ನಿಸುತ್ತಿರಲಿಲ್ಲ.

ಈಗ ಖಾನಾಪುರದಲ್ಲೇ ಪಾಠ ಮಾಡುತ್ತೇನೆ. ಸಂಕೇತ ಹೇಗೆ ಹುಟ್ಟುತ್ತದೆ ಎಂದು ಹೇಳಲು ನಂದಗಡದ ಆಲದ ಮರ ಸಾಕು. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರದು. ಅವನ ಸಮಾಧಿಯ ಬಳಿಯ ಆ ಮರಕ್ಕೆ ಮಕ್ಕಳಾಗಲೆಂದು ಹರಕೆ ಹೊತ್ತವರು ತೊಟ್ಟಿಲು ಕಟ್ಟುತ್ತಾರೆ. ಬೇರೆ ಊರಿನ ಆಲದ ಮರ ಎಷ್ಟೇ ದೊಡ್ಡದಿರಲಿ, ಈ ಅರ್ಥ ಅದಕ್ಕಿಲ್ಲ.

ಹೆಮಿಂಗ್ವೇ ಓದಿಸುವಾಗ ಮಕ್ಕಳ ಕೈಗೂ ಪೆನ್ಸಿಲ್ ಕೊಡುತ್ತೇನೆ. ಕಳೆದ ಮಳೆಗಾಲ ಜಾಂಬೋಟಿ ಕಡೆಯ ಹುಡುಗಿಯೊಬ್ಬಳು ನನ್ನ ಓದನ್ನೇ ಒಪ್ಪಲಿಲ್ಲ. “ಸರ, ಆಕಿಗೆ ಖುಷಿ ಆಗಿಲ್ರಿ. ಹುಟ್ಟು ಹಾಕಿ ಹಾಕಿ ಅವನ ಕೈ ಕಿತ್ತು ಬಂದಾವ. ಅವನ ಸಮಾಧಾನಕ್ಕ ಹಂಗ ಅಂದಾಳ.” ಹಿಂದಿನ ಬೆಂಚಿನ ಹುಡುಗ ಮುಂದಿನ ಪುಟ ತೆರೆದ: “ಹಂಗಾದ್ರ ಅಲ್ಲಿ ಕಾಫಿ, ಬ್ರೆಡ್ ನೋಡಿ ಅಷ್ಟ್ಯಾಕ ಹಿಗ್ತಾಳ?” ಇಬ್ಬರ ಪುಸ್ತಕದಲ್ಲೂ ಗೆರೆಗಳಿದ್ದವು. ನಾನು ತೀರ್ಪು ಕೊಡಲಿಲ್ಲ.