ಗೇಣುದ್ದದ ಪ್ಯಾರಿಸ್

ಕೆಳಗೆ ಒಂದು ಮೂಲೆಯಲ್ಲಿ ಸೇನ್ ನದಿಯಿಂದ ಎತ್ತಿದ ಹೆಣವನ್ನು ಹೊತ್ತೊಯ್ಯುತ್ತಿದ್ದಾರೆ. ಒಬ್ಬ ಹೆಂಗಸು ಗೋಳಾಡುತ್ತಿದ್ದಾಳೆ. ಪೊಲೀಸಿನವನು ದಾರಿ ತೋರಿಸುತ್ತಿದ್ದಾನೆ. ಮೇಲಿನ ಬೀದಿಯ ಮೋಟುಗೋಡೆಗೆ ಒರಗಿದ ಜನ ಮಾತ್ರ ತೇರು ನೋಡುವವರ ಹಾಗೆ ಬಗ್ಗಿ ನೋಡುತ್ತಿದ್ದಾರೆ. ಅವರ ಬೆನ್ನ ಹಿಂದೆ ಒಂದರ ಹೆಗಲೇರಿದ ಇನ್ನೊಂದು ಮನೆ, ಕಿಟಕಿಗಳು, ಹೊಗೆಗೂಡುಗಳು. ಇಷ್ಟೆಲ್ಲ ಹೆಚ್ಚುಕಡಿಮೆ ಒಂದು ಗೇಣುದ್ದದ ಹಾಳೆಯಲ್ಲಿ!

ಶಾರ್ಲ್ ಮೆರಿಯೊನ್ 1854ರಲ್ಲಿ ಮಾಡಿದ ‘ಲಾ ಮೋರ್ಗ್’ ಎಂಬ ಎಚಿಂಗ್ ಇದು. ಮೋರ್ಗ್ ಎಂದರೆ ಶವಾಗಾರ. ಗುರುತು ಸಿಗದ ಹೆಣಗಳನ್ನು ಅಲ್ಲಿ ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ಮಲಗಿಸಿಡುತ್ತಿದ್ದರು. ನೆಂಟರು ಹುಡುಕಿಕೊಂಡು ಬರಲಿ ಎಂಬುದು ಉದ್ದೇಶ. ಬರೀ ನೋಡಲು ಬರುವವರಿಗೂ ಕೊರತೆಯಿರಲಿಲ್ಲ.

ಮೆರಿಯೊನ್ ನೌಕಾಪಡೆಯಲ್ಲಿದ್ದು ನ್ಯೂಜಿಲೆಂಡ್‌ವರೆಗೆ ಹೋಗಿಬಂದವನು. ವರ್ಣಚಿತ್ರಕಾರನಾಗಲು ಹೊರಟರೆ ಬಣ್ಣಗುರುಡು ಅಡ್ಡಬಂತು. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀರಿ, ಆಮ್ಲಕ್ಕೆ ಅದ್ದುವ ಕೆಲಸಕ್ಕೆ ಬಣ್ಣದ ಹಂಗಿಲ್ಲವಲ್ಲ. ಗೀರಿದಲ್ಲಿ ಮಾತ್ರ ಆಮ್ಲ ಲೋಹವನ್ನು ತಿನ್ನುತ್ತದೆ. ಹೆಚ್ಚು ಹೊತ್ತು ತಿಂದಷ್ಟೂ ಗೆರೆ ಆಳ, ಶಾಯಿ ತುಂಬಿ ಅಚ್ಚೊತ್ತಿದಾಗ ಅಷ್ಟೂ ಕಪ್ಪು. ಅವನ ನೆರಳುಗಳ ಗಾಢತೆ ಅಲ್ಲಿಂದ ಬಂದದ್ದು.

1853ರಲ್ಲಿ, ನಗರವನ್ನು ಕೆಡವಿ ಹೊಸದಾಗಿ ಕಟ್ಟಿಸಿದ ಆಡಳಿತಗಾರ ಹೌಸ್‌ಮನ್ ಅಧಿಕಾರಕ್ಕೆ ಬಂದ ಮೇಲೆ ಹಳೆಯ ಪ್ಯಾರಿಸ್ ಬೀದಿ ಬೀದಿಯಾಗಿ ಉರುಳತೊಡಗಿತು. ಅದಕ್ಕೇ ಮೆರಿಯೊನ್‌ನನ್ನು ಅಳಿದ ನಗರದ ದಾಖಲೆಗಾರ ಎನ್ನುವವರಿದ್ದಾರೆ. ಅದು ಅರ್ಧ ಸತ್ಯ. ಅವನ ಕಲ್ಲುಗಳನ್ನು ನಂಬಬಹುದು, ಆಕಾಶವನ್ನು ನಂಬುವಂತಿಲ್ಲ. ‘ಪೋಂ ಒ ಶಾಂಜ್’ ಸೇತುವೆಯ ಚಿತ್ರದ ಮೇಲೆ ಮೊದಲು ಒಂದು ಬಲೂನು ಹಾರಿಸಿದ. ಆಮೇಲೆ ಅದನ್ನು ಅಳಿಸಿ ಹಕ್ಕಿಗಳ ಹಿಂಡನ್ನೇ ತುಂಬಿದ. ‘ಲಾ ಮೋರ್ಗ್’ನಲ್ಲಿ ಅಂಥ ಚಮತ್ಕಾರವಿಲ್ಲ, ಅದಕ್ಕೇ ಅದು ಹೆಚ್ಚು ಹೆದರಿಸುತ್ತದೆ.

ಕವಿ ಬೋದಿಲೇರ್ 1859ರಲ್ಲಿ ಇವನನ್ನು ಮನಸಾರೆ ಹೊಗಳಿದ. ಈ ಪ್ಯಾರಿಸ್ ಚಿತ್ರಗಳ ಪುಸ್ತಕಕ್ಕೆ ಬೋದಿಲೇರ್ ಬರೆಯುವ ಮಾತೂ ನಡೆಯಿತು. ಕವಿಗೆ ಕನಸಿನಂಥ ಗದ್ಯ ಬರೆಯುವ ಆಸೆ; ಮೆರಿಯೊನ್‌ಗೆ ಬೇಕಿದ್ದದ್ದು ಕಟ್ಟಡಗಳ ಒಣ ವಿವರ. ಅಮೆರಿಕದ ಲೇಖಕ ಎಡ್ಗರ್ ಪೋ ಎಂಬವನು ನಿಜಕ್ಕೂ ಇದ್ದಾನೆಂದು ನಂಬುತ್ತೀರಾ ಎಂದು ಮೆರಿಯೊನ್ ಬೇರೆ ಕೇಳಿದನಂತೆ, ಅದೂ ಪೋನನ್ನು ಫ್ರೆಂಚಿಗೆ ತಂದವನನ್ನೇ! ಕವಿಗೆ ದಿಗಿಲಾಗಿರಬೇಕು.

ಪುಸ್ತಕ ಬರಲೇ ಇಲ್ಲ. 1864ರಲ್ಲಿ ಶವಾಗಾರವನ್ನು ನೋತ್ರ್ ದಾಮ್ ಹಿಂಭಾಗಕ್ಕೆ ಸಾಗಿಸಿದರು. ನಾಲ್ಕು ವರ್ಷದ ಮೇಲೆ ಮೆರಿಯೊನ್ ಶಾರಾಂತೋಂ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡ.