ಗಾಜಿನ ಮೇಲಿನ ಕಂದು

ಹೆಬ್ಬಾಳ ಫ್ಲೈಓವರ್ ಮೇಲೆ ಬೆಳಗಿನ ಟ್ರಾಫಿಕ್ ಇನ್ನೂ ಕರಗಿಲ್ಲ. ನೀವಿರುವುದು ಬಳ್ಳಾರಿ ರಸ್ತೆ ಬದಿಯ ಆಸ್ಪತ್ರೆಯೊಂದರ ಪೆಥಾಲಜಿ ಲ್ಯಾಬಿನಲ್ಲಿ. ಫಾರ್ಮಲಿನ್ ಘಾಟಿಗೆ ಕಣ್ಣು ಉರಿಯುತ್ತದೆ, ಸ್ವಲ್ಪ ಹೊತ್ತಿಗೆ ಒಗ್ಗಿಹೋಗುತ್ತದೆ.

ಮೇಣದ ಬ್ಲಾಕಿನೊಳಗೆ ಅನ್ನನಾಳದಿಂದ ಚಿವುಟಿ ತೆಗೆದ ಚೂರು, ಸಾಸಿವೆ ಕಾಳಿನಷ್ಟು. ಟೆಕ್ನಿಷಿಯನ್ ಮೈಕ್ರೋಟೋಮಿನ ಹಿಡಿ ತಿರುಗಿಸಿದಂತೆ ಮೂರ್ನಾಲ್ಕು ಮೈಕ್ರಾನ್ ದಪ್ಪದ ಪದರಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಾಗಿ ಇಳಿಯುತ್ತವೆ. ಫ್ಯಾನ್ ಆರಿಸಿದ್ದಾರೆ, ನೀವೂ ಜೋರಾಗಿ ಉಸಿರು ಬಿಡಬೇಡಿ. ರಿಬ್ಬನ್ ಬಿಸಿನೀರಿನ ಮೇಲೆ ತೇಲಿ ಸುಕ್ಕು ಬಿಡುತ್ತದೆ. ಗಾಜನ್ನು ಓರೆಯಾಗಿ ಇಳಿಸಿ ಎತ್ತಿಕೊಳ್ಳುತ್ತಾರೆ.

ಮುಂದಿನದು ಪ್ರೆಶರ್ ಕುಕ್ಕರ್. ತಮಾಷೆಯಲ್ಲ. ಫಾರ್ಮಲಿನ್ ಬಿಗಿದಿಟ್ಟ ಪ್ರೋಟೀನುಗಳು ಸಿಟ್ರೇಟ್ ದ್ರಾವಣದಲ್ಲಿ ಕುದಿದರೇ, ಅವನ್ನು ಹುಡುಕಿ ಅಂಟಿಕೊಳ್ಳುವ ಆಂಟಿಬಾಡಿಗೆ ಸಿಗುವುದು. ಬಣ್ಣ ಹಾಕಿದಾಗ ಆಂಟಿಬಾಡಿ ಹಿಡಿದುಕೊಂಡ ಕಡೆಯೆಲ್ಲ ಕಂದು, ಮಿಕ್ಕದ್ದು ನೀಲಿ.

ಮಧ್ಯಾಹ್ನ ಡಾಕ್ಟರು ಜೋಡಿ ಮೈಕ್ರೋಸ್ಕೋಪಿನ ಎದುರು ನಿಮ್ಮನ್ನು ಕೂರಿಸುತ್ತಾರೆ. ಮೊದಲು ಪಿ53, ಕೋಶಗಳ ಅಡ್ಡಾದಿಡ್ಡಿ ಬೆಳವಣಿಗೆಗೆ ಕಡಿವಾಣ ಹಾಕುವ ಪ್ರೋಟೀನು. ಕ್ಯಾನ್ಸರ್ ಕೋಶಗಳ ನ್ಯೂಕ್ಲಿಯಸ್ಸುಗಳೆಲ್ಲ ಗಾಢ ಕಂದು: ಕೆಟ್ಟ ಪಿ53 ವಿಲೇವಾರಿಯಾಗದೆ ಒಳಗೇ ಸೇರಿಕೊಂಡಿದೆ. ಇನ್ನೊಂದು ಸ್ಲೈಡಿನಲ್ಲಿ ಒಂದು ಚುಕ್ಕೆಯೂ ಇಲ್ಲ. "ಇದೂ ಕೆಟ್ಟದ್ದೇ" ಎನ್ನುತ್ತಾರೆ. ಅಲ್ಲಲ್ಲಿ ತಿಳಿಯಾಗಿ ಚದುರಿದ್ದರಷ್ಟೇ ಸಹಜ.

ಇಂಥ ಪ್ರೋಟೀನುಗಳಲ್ಲಿ ರೋಗಿಯ ಭವಿಷ್ಯ ಓದುವ ಯತ್ನಕ್ಕೆ ದಶಕಗಳ ವಯಸ್ಸು. ನಮ್ಮದೇ ವೈಟ್‌ಫೀಲ್ಡಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ತಂಡ 2011ರಲ್ಲಿ, ಅನ್ನನಾಳದ ಸ್ಕ್ವಾಮಸ್ (ಚಪ್ಪಟೆ ಕೋಶದ) ಗಡ್ಡೆಗಳಲ್ಲಿ ಹೆಚ್ಚಿರುವ ಪ್ರೊಸಾಪೊಸಿನ್, ಪ್ಲೆಕ್ಟಿನ್, ಪಿಡಿಐಎ4 ಎಂಬ ಮೂರನ್ನು ಗುರುತಿಸಿತ್ತು. ಬೀಡಿ, ಹೊಗೆಸೊಪ್ಪು, ಅಡಿಕೆ, ಹೆಂಡದ ನಾಡಿನಲ್ಲಿ ಹೆಚ್ಚು ಕಾಣುವುದು ಸ್ಕ್ವಾಮಸ್ಸೇ. ಇಂಥ ಪ್ರೋಟೀನುಗಳ ಪಟ್ಟಿ ಬೆಳೆಯುತ್ತಲೇ ಇದೆ. ಈ ಟೇಬಲ್ಲಿಗೆ ದಿನವೂ ಬರುವ ಹೆಸರುಗಳು ಮಾತ್ರ ಕೆಲವೇ.

ಅವುಗಳಲ್ಲೊಂದು ಪಿಡಿ-ಎಲ್1, ರೋಗನಿರೋಧಕ ಕೋಶಗಳ ದಾಳಿಯನ್ನು ತಡೆಯುವ ಪ್ರೋಟೀನು. ಕಂದಾದ ಕ್ಯಾನ್ಸರ್ ಕೋಶ, ಲಿಂಫೋಸೈಟ್, ಮ್ಯಾಕ್ರೋಫೇಜ್ ಎಲ್ಲವನ್ನೂ ಕೂಡಿಸಿ, ಜೀವಂತ ಕ್ಯಾನ್ಸರ್ ಕೋಶಗಳ ಸಂಖ್ಯೆಯಿಂದ ಭಾಗಿಸಿ, 100ರಿಂದ ಗುಣಿಸಬೇಕು. ಚೂರಿನಲ್ಲಿ ಕನಿಷ್ಠ 100 ಕ್ಯಾನ್ಸರ್ ಕೋಶ ಇರದಿದ್ದರೆ ಲೆಕ್ಕವೇ ಇಲ್ಲ. ಉತ್ತರ 10 ಅಥವಾ ಮೇಲಿದ್ದರೆ ಕಿಮೋ ಜೊತೆಗೆ ಪೆಂಬ್ರೊಲಿಜುಮಾಬ್ ಎಂಬ ಇಮ್ಯುನೊಥೆರಪಿ ಔಷಧ ಸೇರಿಸಿದಾಗ ಲಾಭ ಹೆಚ್ಚೆಂದು 2021ರಲ್ಲಿ ಪ್ರಕಟವಾದ ಕೀನೋಟ್-590 ಪ್ರಯೋಗ ತೋರಿಸಿತು. ಅಂದರೆ ಈ ಅಂಕಿ ಹೇಳುವುದು ಔಷಧ ಹಿಡಿದೀತೇ ಎಂಬುದನ್ನು. ಹೊರಗಿನ ಬೆಂಚಿನಲ್ಲಿ ಕೂತ ಮನೆಯವರು ಕೇಳುವುದು "ಎಷ್ಟು ದಿನ ಡಾಕ್ಟ್ರೇ?" ಎಂದು. ಎರಡೂ ಬೇರೆ ಪ್ರಶ್ನೆ. ಪೇಪರಿನವರು ಆಗಾಗ ಬೆರೆಸಿಬಿಡುತ್ತಾರೆ.

ಎರಡನೆಯ ಪ್ರಶ್ನೆಗೆ ಹೆಚ್ಚು ಹತ್ತಿರವಿರುವುದು ಪಕ್ಕದ, ಕತ್ತರಿಸಿ ತೆಗೆದ ಅಂಗಗಳನ್ನು ಸೀಳಿ ನೋಡುವ ಗ್ರಾಸಿಂಗ್ ಟೇಬಲ್. ಇನ್ನೊಬ್ಬರ ಅನ್ನನಾಳ ಅಲ್ಲಿ ಉದ್ದಕ್ಕೆ ಸೀಳಿ ಮಲಗಿದೆ. ಸುತ್ತಲಿನ ಹಳದಿ ಕೊಬ್ಬನ್ನು ಬೆರಳಲ್ಲಿ ಹಿಸುಕಿ ಹಿಸುಕಿ ದುಗ್ಧಗ್ರಂಥಿ ಹುಡುಕುತ್ತಿದ್ದಾರೆ. ಕ್ಯಾನ್ಸರ್ ಹೊಕ್ಕ ಗ್ರಂಥಿ ಒಂದೆರಡಾದರೆ ಹಂತ ಎನ್1, ಮೂರರಿಂದ ಆರು ಎನ್2, ಏಳು ಅಥವಾ ಹೆಚ್ಚಾದರೆ ಎನ್3. ಸರ್ಜನ್ ಫೋನಿನಲ್ಲಿ ಮೊದಲು ಕೇಳುವುದೂ ಇದನ್ನೇ. ಕನಿಷ್ಠ 15 ಗ್ರಂಥಿ ಪರೀಕ್ಷಿಸಬೇಕೆಂಬುದು ವಾಡಿಕೆ. ಟ್ರೇಯಲ್ಲಿರುವುದು ಹದಿನಾಲ್ಕು. ಡಾಕ್ಟರು ಗ್ಲೋವ್ಸ್ ಬದಲಿಸಿ ಮತ್ತೆ ಕೊಬ್ಬಿಗೆ ಕೈ ಹಾಕುತ್ತಾರೆ.