ಎಷ್ಟನೇ ಸೂಲು, ಎಷ್ಟು ಹಲ್ಲು?

ಕೊಟ್ಟಿಗೆ ತುಂಬಿದ್ದ ಕಾಲದಲ್ಲಿ 'ಹಸು' ಅನ್ನುವ ಒಂದು ಮಾತಿನಿಂದ ಯಾರ ಕೆಲಸವೂ ಸಾಗುತ್ತಿರಲಿಲ್ಲ. ತಾಯಿ ಹಾಲು ಕುಡಿಯುವಾಗ ಕರು. ಮೇವಿಗೆ ಬಿದ್ದು ಬೆಳೆದು, ಇನ್ನೂ ಈಯದೆ ಇದ್ದರೆ ಕಡಸು. ಅದನ್ನೇ ಒಂದು ಸೀಮೆಯವರು ಪಡ್ಡೆ ಅಂದರು, ಇನ್ನೊಂದು ಸೀಮೆಯವರು ಮಣಕ ಅಂದರು. ಗಬ್ಬ ನಿಲ್ಲದಿದ್ದರೆ ಗೊಡ್ಡು. ಗಂಡಾದರೆ ಹೋರಿ, ಬೀಜ ಒಡೆದು ನೊಗಕ್ಕೆ ಹೂಡಿದರೆ ಎತ್ತು, ತಳಿಗೆಂದು ಉಳಿಸಿಕೊಂಡದ್ದು ಬೀಜದ ಹೋರಿ, ದೇವರ ಹೆಸರಿನಲ್ಲಿ ಬಿಟ್ಟದ್ದು ಬಸವ.

ಇವುಗಳಲ್ಲೆಲ್ಲ ನನಗೆ ಹೆಚ್ಚು ಸಂಕಟವಾಗುವುದು ಸೂಲು, ಅಂದರೆ ಈಯುವ ಸರದಿ, ಅನ್ನುವ ಮಾತು ಮರೆಯಾಗುತ್ತಿರುವುದಕ್ಕೆ. ಹಸು ಕೊಳ್ಳಲು ಬಂದವರು ಬಣ್ಣ, ಬೆಲೆ ಕೇಳುವ ಮೊದಲೇ 'ಎಷ್ಟನೇ ಸೂಲು?' ಅನ್ನುತ್ತಿದ್ದರು. ಚೊಚ್ಚಲು ಅಂದರೆ ಕರೆಯುವಾಗ ಒದ್ದೀತು, ತಾಳ್ಮೆ ಬೇಕು. ಎರಡನೇ ಸೂಲು, ಮೂರನೇ ಸೂಲು ಅಂದರೆ ಹಾಲು ಇನ್ನೂ ಏರುವ ಕಾಲ. ಏಳೆಂಟು ಸೂಲು ದಾಟಿದೆ ಅಂದರೆ ಮುದಿತನ ಹತ್ತಿರ. ಆ ಒಂದು ಉತ್ತರದಲ್ಲೇ ಹಸುವಿನ ಅರ್ಧ ಜಾತಕ ತಿಳಿಯುತ್ತಿತ್ತು. ಈಗ ಹಳ್ಳಿಯಲ್ಲೂ ಹಸು 'ಈದಿದೆ' ಅನ್ನುವವರು ಕಡಿಮೆ. 'ಡೆಲಿವರಿ ಆಯ್ತು' ಅನ್ನುತ್ತಾರೆ.

ಗಂಡು ರಾಸಿನ ಲೆಕ್ಕ ಬಾಯಲ್ಲಿತ್ತು. ಘಾಟಿ ಸುಬ್ರಹ್ಮಣ್ಯದಂಥ ದನದ ಜಾತ್ರೆಯಲ್ಲಿ ಅದನ್ನು ಈಗಲೂ ನೋಡಬಹುದು. ಹೋರಿಯ ಮೂಗುದಾರ ಹಿಡಿದು, ಕೆಳತುಟಿಯನ್ನು ಹೆಬ್ಬೆರಳಿನಿಂದ ಒತ್ತಿ ಕೆಳಕ್ಕೆಳೆಯುತ್ತಾರೆ. ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಕೆಳಗೆ ಎಂಟು. ಎಂಟೂ ಸಣ್ಣವಾಗಿದ್ದರೆ ಹಾಲು ಹಲ್ಲಿನ ಹೋರಿ. ಎರಡು ವರ್ಷದ ಆಚೀಚೆ ನಡುವಿನ ಜೋಡಿ ಬಿದ್ದು ಅಗಲವಾದ ಹಲ್ಲು ಬಂದರೆ ಎರಡು ಹಲ್ಲು. ಆಮೇಲೆ ನಾಲ್ಕು, ಆರು. ಎಂಟೂ ಬದಲಾದರೆ ಬಾಯಿಗೂಡಿತು, ಅಂದರೆ ಪೂರ್ತಿ ಪ್ರಾಯ. ನೋಡಿದವನು ಮಾತಾಡುವುದಿಲ್ಲ. ಟವೆಲ್ಲಿನ ಮರೆಯಲ್ಲಿ ದಳ್ಳಾಳಿಯ ಬೆರಳು ಹಿಡಿದು ಬೆಲೆ ತಿಳಿಸುತ್ತಾನೆ.

ಮಾತು ಸಾಯುವುದು ಹೊಸದೇನಲ್ಲ. ಹಳಗನ್ನಡದಲ್ಲಿ ದನಕ್ಕೆ ತುರು ಅನ್ನುತ್ತಿದ್ದರು. ತುರುಗೊಳ್, ಅಂದರೆ ದನ ಹಿಡಿದೊಯ್ಯುವ ಕಾಳಗದಲ್ಲಿ ಮಡಿದವರ ವೀರಗಲ್ಲುಗಳು ನಾಡಿನ ತುಂಬ ನಿಂತಿವೆ. ಆ ಮಾತು ಆಡುಭಾಷೆಯಿಂದ ಹೋಯಿತು. ಆದರೆ ಅದರ ಜಾಗದಲ್ಲಿ ಬೇರೆ ಕನ್ನಡ ಮಾತು ಹುಟ್ಟಿತ್ತು, ಯಾಕೆಂದರೆ ದನ ಮನೆಯಲ್ಲೇ ಇತ್ತು. ಮೈಸೂರು ಅರಸರ ದನದ ಇಲಾಖೆಯಾದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಹೆಸರು ಬದಲಾದರೂ ಕಾವಲುಗಳಲ್ಲಿ ರಾಸುಗಳು ಮೇಯುತ್ತಿದ್ದವು.

ಈಗ ಹೋಗುತ್ತಿರುವುದು ರಾಸು ಮತ್ತು ಮಾತು ಎರಡೂ. ಉಳುವುದಕ್ಕೆ ಟ್ರ್ಯಾಕ್ಟರ್ ಬಂತು, ಬೀಜದ ಹೋರಿಯ ಕೆಲಸ ಕೃತಕ ಗರ್ಭಧಾರಣೆಯ ಡಾಕ್ಟರಿಗೆ ಹೋಯಿತು. ಎಚ್‌ಎಫ್ ತಳಿಯ ಹಸುವಿಗೆ ಗಂಡು ಕರು ಹುಟ್ಟಿದರೆ ಅದು ಹೋರಿಯಾಗುವವರೆಗೂ ಮನೆಯಲ್ಲಿ ಉಳಿಯುವುದು ಅಪರೂಪ. ಎರಡು ಹಲ್ಲೋ ನಾಲ್ಕು ಹಲ್ಲೋ ಎಂದು ಯಾರನ್ನು ಕೇಳುವುದು? ಗೌರಿ, ಕೆಂಪಿ, ಕಾಳಿ ಎಂದು ಕರೆಸಿಕೊಳ್ಳುತ್ತಿದ್ದವುಗಳ ಕಿವಿಯಲ್ಲಿ ಈಗ 12 ಅಂಕಿಯ ಹಳದಿ ಬಿಲ್ಲೆ ಇದೆ. ಲಸಿಕೆಗೆ, ವಿಮೆಗೆ ಅದು ಬೇಕು, ನಾನು ದೂರುವುದಿಲ್ಲ. ಆದರೆ ಹಿತ್ತಲಿಗೆ ಹೋಗಿ ಅಂಕಿ ಕೂಗಿದರೆ ಯಾವ ಹಸುವೂ ತಿರುಗಿ ನೋಡುವುದಿಲ್ಲ.

ನಿಮ್ಮ ಮನೆಯಲ್ಲಿ, ನೆರೆಯಲ್ಲಿ ನೊಗ ಹೂಡಿ ಉತ್ತವರು, ಕೆಚ್ಚಲು ತೊಳೆದು ಹಾಲು ಕರೆದವರು ಇನ್ನೂ ಇದ್ದಾರೆ. ಪಕ್ಕದಲ್ಲಿ ಕೂತು ಕೇಳಿ, ಬರೆದಿಡಿ. ಬರೆಯುವಾಗ ಊರು, ತಾಲ್ಲೂಕಿನ ಹೆಸರನ್ನೂ ಸೇರಿಸಿ. ಒಂದು ಊರಿನ ಕಡಸು ಇನ್ನೊಂದು ಊರಿನ ಮಣಕ.